ರಸ್ತೆ ಅಂದ್ರೆ ಪೈಪಿನ ಮುಚ್ಚಳ

ಕೊಪ್ಪಳದ ನಮ್ಮ ಓಣಿಗೆ ಸಿಸಿ ರಸ್ತೆ ಬಂದು ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಒಂದು ಬೆಳಿಗ್ಗೆ ಚಹಾ ಕುಡಿಯುವ ಹೊತ್ತಿಗೆ ಬ್ರೇಕರ್ ಮಷೀನಿನ ಸದ್ದು ಶುರುವಾಯಿತು. ಹೊರಗೆ ಬಂದು ನೋಡಿದರೆ ಹೊಸ ಕಾಂಕ್ರೀಟನ್ನು ಉದ್ದಕ್ಕೂ ಎರಡು ಅಡಿ ಅಗಲಕ್ಕೆ ಒಡೆಯುತ್ತಿದ್ದರು. ಎದುರು ಮನೆಯ ಅಜ್ಜಿ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಕಟ್ಟೆ ಮೇಲೆ ನಿಂತರು.

“ಏನಪಾ, ಮೊನ್ನೆರ ಹಾಕ್ಯಾರ. ಈಗ ಯಾಕ ಒಡಿಯಾಕ ಹತ್ತೀರಿ?”

ಹುಡುಗ ಮಷೀನ್ ನಿಲ್ಲಿಸಿದ. “ಯಮ್ಮಾ, ರಸ್ತಾ ನಮ್ದಲ್ಲ. ನಮ್ದು ಪೈಪಿನ ಕೆಲಸ ಅಷ್ಟ.”

ಅಜ್ಜಿಗೆ ಸಿಟ್ಟು ಇನ್ನೂ ಜಾಸ್ತಿಯಾಯಿತು. ಆದರೆ ಆ ಹುಡುಗ ಸುಳ್ಳು ಹೇಳಲಿಲ್ಲ. ರಸ್ತೆ ಒಬ್ಬರದು, ಪೈಪು ಇನ್ನೊಬ್ಬರದು, ದುಡ್ಡು ಮತ್ತೊಬ್ಬರದು. ನಮ್ಮ ಊರುಗಳಲ್ಲಿ ರಸ್ತೆ ಮತ್ತು ನೀರನ್ನು ಎರಡು ಬೇರೆ ಫೈಲು ಅಂತ ನೋಡುತ್ತಾರೆ. ನೆಲಕ್ಕೆ ಮಾತ್ರ ಅವು ಒಂದೇ. ಮೇಲೆ ನಡೆಯುವುದು ರಸ್ತೆ, ಕೆಳಗೆ ಹರಿಯುವುದು ನೀರು. ರಸ್ತೆ ಅಂದ್ರೆ ಪೈಪಿನ ಮುಚ್ಚಳ ಅಂತಲೇ ಇಟ್ಟುಕೊಳ್ಳಿ. ಪಾತ್ರೆಗೆ ಹಾಕೋದು ಹಾಕಿ ಆಮೇಲೆ ಮುಚ್ಚಳ ಮುಚ್ಚುತ್ತೇವೆ, ಅಲ್ವಾ? ಇಲ್ಲಿ ಮುಚ್ಚಳ ಮೊದಲು ಬರುತ್ತದೆ. ಯಾಕೆ ಹಾಗೆ, ಮುಂದಿನ 30 ವರ್ಷದ ನೀರಿನ ಲೆಕ್ಕವನ್ನು ಒಂದು ಊರು ಹೇಗೆ ಹಾಕುತ್ತದೆ ಅನ್ನೋದನ್ನು ಬಿಡಿಸಿ ನೋಡೋಣ.

ಒಂದೇ ಓಣಿ, ಹಲವು ಮಾಲೀಕರು

ಊರೊಳಗಿನ ಓಣಿ, ಅಡ್ಡರಸ್ತೆ ನಗರಸಭೆಯದು. ಊರ ನಡುವಿನ ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದ್ದಾಗಿರಬಹುದು, ಇಲ್ಲವೇ ರಾಷ್ಟ್ರೀಯ ಹೆದ್ದಾರಿಯವರದ್ದು. ನೀರಿನ ದೊಡ್ಡ ಯೋಜನೆ ಮತ್ತು ಒಳಚರಂಡಿಯನ್ನು ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಕಟ್ಟುತ್ತದೆ. ಕಟ್ಟಿದ ಮೇಲೆ ನಗರಸಭೆಗೆ ಒಪ್ಪಿಸುತ್ತದೆ. ಕಂಬ ಮತ್ತು ಕರೆಂಟಿನ ಕೇಬಲ್ ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನದು. ಫೋನ್, ಇಂಟರ್ನೆಟ್ ಕೇಬಲಿನವರು ಬೇರೆಯೇ. ಇವರೆಲ್ಲ ಒಂದೇ ನೆಲವನ್ನು ಅಗೆಯುವವರು. ಒಬ್ಬರ ನಕ್ಷೆ ಇನ್ನೊಬ್ಬರ ಟೇಬಲ್ ಮೇಲೆ ಇರುವುದು ಕಡಿಮೆ.

ಕಾಗದದ ಮೇಲೆ ಜವಾಬ್ದಾರಿ ಸ್ಪಷ್ಟವಾಗಿದೆ. 1992ರ 74ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ 12ನೇ ಅನುಸೂಚಿ ಸೇರಿತು. ಅದರಲ್ಲಿ ಪಟ್ಟಣಗಳ ಆಡಳಿತಕ್ಕೆ ಕೊಡಬಹುದಾದ 18 ಕೆಲಸಗಳಿವೆ. ರಸ್ತೆ, ಸೇತುವೆ ಒಂದು. ಮನೆ, ಅಂಗಡಿ, ಕಾರ್ಖಾನೆಗೆ ನೀರು ಕೊಡುವುದು ಇನ್ನೊಂದು. ಎರಡೂ ಒಂದೇ ಪಟ್ಟಿಯಲ್ಲಿವೆ. ಜಗಳ ಇರುವುದು ದುಡ್ಡಿನಲ್ಲಿ.

ನಗರಸಭೆಯ ಸ್ವಂತ ಆದಾಯ ಅಂದರೆ ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ಪರವಾನಗಿ ಶುಲ್ಕ. ಇಷ್ಟರಲ್ಲಿ ದೊಡ್ಡ ಕೆಲಸ ಆಗುವುದಿಲ್ಲ. ಹಾಗಾಗಿ ಬೇರೆ ಬೇರೆ ಗಂಟುಗಳಿಂದ ದುಡ್ಡು ಬರಬೇಕು. ಕೇಂದ್ರದ ಅಮೃತ್ 2.0 ಯೋಜನೆ 2021ರ ಅಕ್ಟೋಬರ್ 1ರಂದು ಶುರುವಾಯಿತು. ಅದರ ಮುಖ್ಯ ಗುರಿಯೇ ಪಟ್ಟಣದ ಮನೆಮನೆಗೆ ನಳ. 15ನೇ ಹಣಕಾಸು ಆಯೋಗ ನಮ್ಮಂಥ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಭಾಗವನ್ನು ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ರಾಜ್ಯದ ನಗರೋತ್ಥಾನ ಯೋಜನೆಯಲ್ಲಿ ರಸ್ತೆ, ಚರಂಡಿ ಜಾಸ್ತಿ. ನಮ್ಮ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನ ಇರುವುದರಿಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ದುಡ್ಡೂ ಉಂಟು.

ಪ್ರತಿ ಗಂಟಿಗೂ ಅದರದೇ ನಿಯಮ, ಅದರದೇ ಗಡುವು. ಈ ಗಂಟುಗಳು ಒಟ್ಟಿಗೆ ಬರುವುದಿಲ್ಲ. ರಸ್ತೆಯ ಕೆಲಸ ಚಿಕ್ಕದು. ಎಸ್ಟಿಮೇಟ್ ಬೇಗ ಆಗುತ್ತದೆ, ಟೆಂಡರ್ ಬೇಗ ಆಗುತ್ತದೆ, ಮಾರ್ಚ್ 31ರೊಳಗೆ ಬಿಲ್ ಆಗುತ್ತದೆ. ನೀರಿನ ಯೋಜನೆ ಹಾಗಲ್ಲ. ಸರ್ವೆ, ಡಿಪಿಆರ್ (ವಿವರವಾದ ಯೋಜನಾ ವರದಿ), ತಾಂತ್ರಿಕ ಮಂಜೂರಾತಿ, ಜಮೀನು, ರೈಲ್ವೆ ಅನುಮತಿ, ಹೆದ್ದಾರಿ ಅನುಮತಿ ಅಂತ ವರ್ಷಗಳು ಕಳೆಯುತ್ತವೆ. ಹಾಗಾಗಿ ರಸ್ತೆ ಓಡಿ ಮುಂದೆ ಬರುತ್ತದೆ, ಪೈಪು ಏದುಸಿರು ಬಿಡುತ್ತಾ ಹಿಂದೆ ಬರುತ್ತದೆ. ಇದರಲ್ಲಿ ಯಾರದೋ ದಡ್ಡತನಕ್ಕಿಂತ ದುಡ್ಡಿನ ದಾರಿಯ ದೋಷವೇ ಜಾಸ್ತಿ. ಇನ್ನೊಂದು ಸಣ್ಣ ಮಾತು. ರಸ್ತೆ ಕಣ್ಣಿಗೆ ಕಾಣುತ್ತದೆ, ಪೈಪು ಮಣ್ಣೊಳಗೆ ಹೋಗುತ್ತದೆ. ಮಣ್ಣೊಳಗಿರುವುದಕ್ಕೆ ರಿಬ್ಬನ್ ಕಟ್ಟಿ ಫೋಟೊ ತೆಗೆಸಿಕೊಳ್ಳಲು ಬರುವುದಿಲ್ಲ.

ಸರಿಯಾದ ಕ್ರಮ ಕಷ್ಟದ್ದೇನಲ್ಲ. ಮೊದಲು ಒಳಚರಂಡಿ, ಅದೂ ಆಳಕ್ಕೆ. ಅದು ಇಳಿಜಾರಿನಿಂದಲೇ ಹರಿಯಬೇಕು, ಅದನ್ನು ಬೇಕಾದ ಹಾಗೆ ಮೇಲಕ್ಕೆತ್ತಲು ಬರುವುದಿಲ್ಲ. ಆಮೇಲೆ ನೀರಿನ ಪೈಪು. ಅದು ಒಳಚರಂಡಿಗಿಂತ ಮೇಲೆ ಇರಬೇಕು, ಅದರಿಂದ ಆದಷ್ಟು ದೂರವೂ ಇರಬೇಕು. ಆಮೇಲೆ ಪ್ರತಿ ಮನೆಯ ಹೊಸ್ತಿಲವರೆಗೂ ನಳದ ಕನೆಕ್ಷನ್ ಎಳೆದು ಮುಚ್ಚಳ ಹಾಕಿಡುವುದು. ಮನೆಯವರು ಇವತ್ತು ದುಡ್ಡು ಕಟ್ಟಿರಲಿ ಬಿಡಲಿ, ಎಳೆದಿಡಬೇಕು. ನಂತರ ಗಟಾರ. ನಾಳೆ ಬರುವ ಕೇಬಲಿಗಾಗಿ ಅಲ್ಲಲ್ಲಿ ರಸ್ತೆಗೆ ಅಡ್ಡಲಾಗಿ ಖಾಲಿ ಪೈಪು ಹಾಕಿ ಬಿಡುವುದು. ಎಲ್ಲಕ್ಕಿಂತ ಕೊನೆಗೆ ರಸ್ತೆ. ನಮ್ಮ ಓಣಿಯಲ್ಲಿ ಆ ಎರಡು ಅಡಿ ಅಗಲದ ಗಾಯ ಆಗಿದ್ದು ಈ ಕ್ರಮ ತಿರುಗಾಮುರುಗಾ ಆಗಿದ್ದಕ್ಕೆ.

ಎಷ್ಟು ಜನಕ್ಕೆ ನೀರು?

ಪೈಪಿನ ಯೋಜನೆಯನ್ನು ಇವತ್ತಿನ ಜನಕ್ಕೆ ಮಾಡುವುದಿಲ್ಲ. ಪೈಪಿಗೆ ಸಾಮಾನ್ಯವಾಗಿ 30 ವರ್ಷ ಮುಂದಿನ ಲೆಕ್ಕ, ಪಂಪಿಗೆ 15 ವರ್ಷ. ಪಂಪು ಸವೆಯುತ್ತದೆ, ಬದಲಿಸಬಹುದು. ಪೈಪನ್ನು ಮತ್ತೆ ಮತ್ತೆ ಅಗೆದು ಬದಲಿಸಲು ಆಗದು.

ಹಾಗಾದರೆ 30 ವರ್ಷ ಆದ ಮೇಲೆ ಊರಲ್ಲಿ ಎಷ್ಟು ಜನ ಇರುತ್ತಾರೆ? ಕೊಪ್ಪಳವನ್ನೇ ತೆಗೆದುಕೊಳ್ಳಿ. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ ಸುಮಾರು 70 ಸಾವಿರ. ಹತ್ತು ವರ್ಷಕ್ಕೆ ಶೇ 25 ಬೆಳೆಯುತ್ತದೆ ಅಂತ ಸುಮ್ನೆ ಊಹಿಸಿಕೊಳ್ಳೋಣ. ಒಂದು ಲೆಕ್ಕದಲ್ಲಿ ಪ್ರತಿ ಹತ್ತು ವರ್ಷಕ್ಕೆ ಅದೇ ಹದಿನೇಳೂವರೆ ಸಾವಿರ ಕೂಡಿಸುತ್ತಾ ಹೋಗುತ್ತಾರೆ. ಆಗ 2051ಕ್ಕೆ 1.40 ಲಕ್ಷ. ಇನ್ನೊಂದು ಲೆಕ್ಕ ಬಡ್ಡಿಗೆ ಬಡ್ಡಿ ಸೇರಿದ ಹಾಗೆ. ಬೆಳೆದ ಜನದ ಮೇಲೆ ಮತ್ತೆ ಶೇ 25. ಆಗ 2051ಕ್ಕೆ 1.71 ಲಕ್ಷ. ಊರು ಒಂದೇ, ದರ ಒಂದೇ. ವ್ಯತ್ಯಾಸ 31 ಸಾವಿರ ಜನ. ಎಂಜಿನಿಯರು ಯಾವ ಲೆಕ್ಕ ಹಿಡಿದರು ಅನ್ನುವುದರ ಮೇಲೆ ನಿಮ್ಮ ಮೊಮ್ಮಗಳ ನಳದಲ್ಲಿ ನೀರು ಬರುತ್ತದೋ ಇಲ್ಲವೋ ನಿಂತಿದೆ.

ಇದಕ್ಕೆ ಇನ್ನೊಂದು ತೊಡಕು ಸೇರಿದೆ. 2021ರ ಜನಗಣತಿ ನಡೆಯಲೇ ಇಲ್ಲ. ಮುಂದಿನ ಎಣಿಕೆಗೆ ಸರ್ಕಾರ ಗೊತ್ತುಮಾಡಿದ ದಿನ 2027ರ ಮಾರ್ಚ್ 1. ಅಂದರೆ ಇತ್ತೀಚಿನ ಯೋಜನೆಗಳ ಬುಡದಲ್ಲಿರುವುದು 2011ರ ಅಂಕಿ. ಅಷ್ಟರಲ್ಲಿ ಹೊಲಗಳೆಲ್ಲ ಎನ್‌ಎ, ಅಂದರೆ ಕೃಷಿಯೇತರ ಜಮೀನು ಆಗಿ ಲೇಔಟ್ ಆದವು, ಊರ ಅಂಚು ಎಲ್ಲಿಗೋ ಹೋಯಿತು.

ಎಣಿಕೆಗೆ ಸಿಗದ ಜನವೂ ಇದ್ದಾರೆ. ಜನವರಿ ಹೊತ್ತಿಗೆ ಗವಿಮಠದ ಜಾತ್ರೆಗೆ ಬನ್ನಿ. ಲಕ್ಷಗಟ್ಟಲೆ ಜನ, ದಿನಗಟ್ಟಲೆ ದಾಸೋಹ. ಅಷ್ಟೂ ಜನಕ್ಕೆ ನೀರು ಬೇಕು. ಜಾತ್ರೆಗೆ ತಕ್ಕ ಪೈಪು ಹಾಕಿದರೆ ಉಳಿದ ದಿನ ಅದು ದಂಡ, ಹಾಕದಿದ್ದರೆ ಆ ದಿನ ಟ್ಯಾಂಕರ್. ಇಂಥ ಕಡೆ ಪೈಪಿಗಿಂತ ಟ್ಯಾಂಕಿನ ಸಾಮರ್ಥ್ಯ ಹೆಚ್ಚಿಸುವುದು ಜಾಣತನ ಅಂತ ನನಗೆ ಅನ್ನಿಸುತ್ತದೆ.

ಇನ್ನು ತಲೆಗೆ ಎಷ್ಟು? ಕೇಂದ್ರ ಸರ್ಕಾರದ 1999ರ ನೀರು ಸರಬರಾಜು ಕೈಪಿಡಿ ಪ್ರಕಾರ ಒಳಚರಂಡಿ ಇರುವ ಊರಿಗೆ ದಿನಕ್ಕೆ ತಲಾ 135 ಲೀಟರ್. ಅಂದರೆ 15 ಲೀಟರಿನ ಒಂಬತ್ತು ಕೊಡ. ಒಳಚರಂಡಿ ಇಲ್ಲದ ಊರಿಗೆ ತಲಾ 70 ಲೀಟರ್. ಈ ವ್ಯತ್ಯಾಸ ಯಾಕೆ? ಕೊಳಚೆ ಪೈಪಿನಲ್ಲಿ ಮುಂದೆ ಸಾಗಬೇಕಾದರೆ ಹಿಂದಿನಿಂದ ನೀರು ತಳ್ಳಬೇಕು. ನೀರಿಲ್ಲದ ಒಳಚರಂಡಿ ಕಟ್ಟಿಕೊಳ್ಳುತ್ತದೆ. ಹಾಗಾಗಿ ನಗರಸಭೆ “ನಮ್ಮೂರಿಗೆ ಒಳಚರಂಡಿ ಬೇಕು” ಅಂತ ನಿರ್ಣಯ ಮಾಡಿದ ದಿನವೇ ಊರಿನ ನೀರಿನ ಬೇಡಿಕೆ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಆ ನಿರ್ಣಯದ ಮೇಲೆ ಚರ್ಚೆ ನಡೆಯುವಾಗ ನೀರಿನ ಮಾತು ಎಷ್ಟು ಬರುತ್ತದೆ ಅಂತ ಒಮ್ಮೆ ಸಭೆಗೆ ಹೋಗಿ ನೋಡಿ.

ಅಣೆಕಟ್ಟು ಪಕ್ಕದಲ್ಲಿದ್ದರೂ

ನಮಗೆ ಯಾರಾದರೂ ನೆಂಟರು ಬಂದರೆ ಕೇಳುವ ಪ್ರಶ್ನೆ ಒಂದೇ. “ತುಂಗಭದ್ರಾ ಡ್ಯಾಮ್ ಇಲ್ಲೇ ಐತಲ್ರೀ, ಮತ್ತ ನಿಮಗ ನೀರಿನ ತ್ರಾಸ ಯಾಕ?”

ಕೇಳುವಂಥದ್ದೇ. ಮುನಿರಾಬಾದಿನ ಈ ಅಣೆಕಟ್ಟು 1953ರಲ್ಲಿ ಆಯಿತು. ಆಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಹೂಳು ತುಂಬಿ ತುಂಬಿ ಈಗ ಸುಮಾರು 105 ಟಿಎಂಸಿಗೆ ಇಳಿದಿದೆ. ಈಗ ಒಂದು ಲಕ್ಷ ಜನರಿರುವ ಊರಿನ ಲೆಕ್ಕ ಹಾಕೋಣ. ತಲಾ 135 ಲೀಟರಿನಂತೆ ದಿನಕ್ಕೆ 135 ಲಕ್ಷ ಲೀಟರ್. ದಾರಿಯಲ್ಲಿ ಶೇ 15 ಸೋರಿಕೆ ಅಂತ ಹಿಡಿದರೆ ಸುಮಾರು 160 ಲಕ್ಷ ಲೀಟರ್ ಎತ್ತಬೇಕು. ವರ್ಷಕ್ಕೆಲ್ಲ ಸೇರಿ ಎಷ್ಟಾಗುತ್ತದೆ ಗೊತ್ತಾ? ಸುಮಾರು 0.2 ಟಿಎಂಸಿ. ಒಂದು ಟಿಎಂಸಿಯ ಐದನೇ ಒಂದು ಭಾಗ. ಹೂಳಿಗೆ ಕಳೆದುಕೊಂಡ ಜಾಗವೊಂದರಲ್ಲೇ ಇಂಥ 130ಕ್ಕೂ ಹೆಚ್ಚು ಊರುಗಳ ಒಂದು ವರ್ಷದ ಕುಡಿಯುವ ನೀರು ಹಿಡಿಸುತ್ತಿತ್ತು.

ಅಂದರೆ ಕುಡಿಯುವ ನೀರಿನ ಮಟ್ಟಿಗೆ ತುಂಗಭದ್ರೆ ನಮಗೆ ಕಡಿಮೆ ಮಾಡಿಲ್ಲ. ತೊಂದರೆ ಇರುವುದು ನೀರು ಬೇಕಾದ ದಿನ, ಬೇಕಾದ ಜಾಗದಲ್ಲಿ ಇರುವುದಿಲ್ಲ ಅನ್ನುವುದರಲ್ಲಿ.

ಅಣೆಕಟ್ಟಿನ ನೀರು ಊರೂರಿಗೆ ಹೋಗುವುದು ಹೆಚ್ಚಾಗಿ ಕಾಲುವೆಯಲ್ಲಿ. ಎಡದಂಡೆ ಮುಖ್ಯ ಕಾಲುವೆ ಕೊಪ್ಪಳ ಜಿಲ್ಲೆಯಿಂದ ರಾಯಚೂರು ಕಡೆಗೆ ಸುಮಾರು 227 ಕಿ.ಮೀ. ಹರಿಯುತ್ತದೆ. ಬಲಗಡೆಯ ಕಾಲುವೆಗಳು ಬಳ್ಳಾರಿ, ಆಂಧ್ರದ ಕಡೆಗೆ. ಕಾಲುವೆ ಇರುವುದು ಮುಖ್ಯವಾಗಿ ಭತ್ತಕ್ಕೆ, ಬೆಳೆಗೆ. ಎರಡನೇ ಬೆಳೆ ಮುಗಿಯುತ್ತಿದ್ದಂತೆ ಕಾಲುವೆ ಬಂದ್. ಮತ್ತೆ ನೀರು ಬಿಡುವುದು ಮಳೆಗಾಲದಲ್ಲಿ ಡ್ಯಾಮ್ ತುಂಬತೊಡಗಿದ ಮೇಲೆ. ಅಂದರೆ ಬಿಸಿಲು ಸುಡುವ, ನೀರು ಜಾಸ್ತಿ ಬೇಕಾದ ತಿಂಗಳುಗಳಲ್ಲೇ ಕಾಲುವೆ ಒಣಗಿರುತ್ತದೆ. ಸಿಂಧನೂರಿನ ತುರ್ವಿಹಾಳ ಕೆರೆ, ರಾಯಚೂರಿನ ರಾಂಪುರ ಕೆರೆ, ಬಳ್ಳಾರಿಯ ಅಲ್ಲಿಪುರ ಕೆರೆ ಇರುವುದೇ ಇದಕ್ಕಾಗಿ. ಕಾಲುವೆ ಹರಿಯುವಾಗ ತುಂಬಿಸಿಕೊಂಡು, ಬಂದ್ ಆದಾಗ ಕುಡಿಯುವುದು. ಮನೆಯಲ್ಲಿ ಸುಗ್ಗಿಗೆ ಜೋಳ ಗುಮ್ಮಿಗೆ ತುಂಬಿಡುವ ಹಾಗೆ.

ಈ ಗುಮ್ಮಿ ಎಷ್ಟು ದೊಡ್ಡದಿರಬೇಕು? ಅದೇ ಲಕ್ಷ ಜನರ ಊರು, 90 ದಿನ ಕಾಲುವೆ ಬಂದ್. ದಿನಕ್ಕೆ 160 ಲಕ್ಷ ಲೀಟರಿನಂತೆ ಬೇಕಾಗುವುದು 0.05 ಟಿಎಂಸಿ. ಟಿಎಂಸಿಯ ಇಪ್ಪತ್ತನೇ ಒಂದು ಭಾಗ ಅಷ್ಟೇ. ಕೇಳಲಿಕ್ಕೆ ಚಿಕ್ಕದು. ಆದರೆ ಐದು ಮೀಟರ್ ಆಳದ ಕೆರೆ ಅಂದರೂ ನೀರಿಗೇ ಎಪ್ಪತ್ತು ಎಕರೆ ಬೇಕು. ಇನ್ನು ಬಿಸಿಲಿನ ಪಾಲು ಬೇರೆ. ನಮ್ಮ ಕಡೆ ಬೇಸಿಗೆಯಲ್ಲಿ ತೆರೆದ ನೀರು ದಿನಕ್ಕೆ ಸುಮಾರು 8 ಮಿಲಿಮೀಟರ್ ಆವಿಯಾಗುತ್ತದೆ ಅಂತ ಹಿಡಿಯಿರಿ. ನೂರು ಎಕರೆ ಕೆರೆಯಲ್ಲಿ ಅದು ದಿನಕ್ಕೆ 32 ಲಕ್ಷ ಲೀಟರ್. 24 ಸಾವಿರ ಜನ ಕುಡಿದು, ತೊಳೆದು, ಮೀಯುವಷ್ಟು ನೀರು! ಯಾರೂ ನಳ ತಿರುಗಿಸಲಿಲ್ಲ, ಆದರೂ ಹೋಯಿತು. ಅದಕ್ಕೇ ಕೆರೆ ಅಗಲವಾಗಿರುವುದಕ್ಕಿಂತ ಆಳವಾಗಿರುವುದು ಒಳ್ಳೆಯದು. ಹೂಳು ತೆಗೆಯಿರಿ ಅಂತ ಊರಿನವರು ಬಾಯಿ ಬಡಿದುಕೊಳ್ಳುವುದಕ್ಕೂ ಅರ್ಥ ಇದೆ. ಹೂಳು ಆಳವನ್ನು ತಿನ್ನುತ್ತದೆ, ಅಗಲ ಹಾಗೇ ಉಳಿಯುತ್ತದೆ. ನೀರು ಕಡಿಮೆ, ಆವಿ ಅಷ್ಟೇ.

ಒಡ್ಡು, ತಳದಲ್ಲಿ ಎತ್ತಲಾಗದೆ ಉಳಿಯುವ ನೀರು, ಆವಿ ಎಲ್ಲ ಸೇರಿದರೆ ನೂರು ಎಕರೆ ಮೀರುತ್ತದೆ. ಊರ ಹತ್ತಿರ ನೂರು ಎಕರೆ ಒಟ್ಟಿಗೆ ಎಲ್ಲಿ ಸಿಗುತ್ತದೆ? ನಗರಸಭೆಯ ಭವಿಷ್ಯದ ನೀರಿನ ಯೋಜನೆ ಅಂದರೆ ಅರ್ಧ ಭಾಗ ಇದೇ ಹುಡುಕಾಟ. ಲೇಔಟಿನವರು ಬರುವ ಮೊದಲೇ ಆ ಜಾಗ ಗುರುತಿಸಿ, ನಗರ ಯೋಜನೆಯ ನಕ್ಷೆಯಲ್ಲಿ ನೀಲಿ ಬಣ್ಣ ಹಚ್ಚಿಬಿಡಬೇಕು. ಹತ್ತು ವರ್ಷ ಬಿಟ್ಟರೆ ಅಲ್ಲಿ ಸೈಟಿನ ಕಲ್ಲು ನೆಟ್ಟಿರುತ್ತಾರೆ.

ಒಂದೇ ಮೂಲವನ್ನು ನಂಬಿ ಕೂರುವುದು ಎಷ್ಟು ಅಪಾಯ ಅಂತ 2024ರ ಆಗಸ್ಟ್ 10ರ ರಾತ್ರಿ ಎಲ್ಲರಿಗೂ ತಿಳಿಯಿತು. ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ತುಂಬಿದ ಡ್ಯಾಮಿನ ನೀರು ಹೊಳೆಗೆ ಹೋಗುವುದನ್ನು ನೋಡುತ್ತಾ ನಿಂತೆವು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟ್ ಇಳಿಸಿದರು, ಮಳೆಯೂ ಕೈ ಹಿಡಿಯಿತು. ಆ ವಾರ ಎಲ್ಲರೂ ರೈತರ ಬೆಳೆಯ ಬಗ್ಗೆ ಮಾತಾಡಿದರು, ಅದು ನ್ಯಾಯವೇ. ಊರುಗಳ ಕುಡಿಯುವ ನೀರಿನ ಗುಮ್ಮಿ ಎಷ್ಟು ತುಂಬಿದೆ ಅಂತ ಕೇಳಿದವರು ಕಡಿಮೆ.

“ಬೋರ್ ಹಾಕಿಸಿದರಾಯಿತು” ಅನ್ನುವವರಿಗೆ ಒಂದು ಮಾತು. ಕೊಪ್ಪಳ, ರಾಯಚೂರು, ಬಳ್ಳಾರಿ ಭಾಗದ ಎಷ್ಟೋ ಬೋರುಗಳ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಅನ್ನುವುದು ನಿಯಮ. ಅದನ್ನು ಮೀರಿದ ನೀರು ಕುಡಿದವರ ಹಲ್ಲು ಕಂದಾಗುವುದನ್ನು, ಮೊಣಕಾಲು ಬಾಗುವುದನ್ನು ನಮ್ಮ ಹಳ್ಳಿಗಳಲ್ಲಿ ಕಣ್ಣಾರೆ ನೋಡಬಹುದು. ಮಳೆನೀರು ಇಂಗಿದರೆ ಅಂತರ್ಜಲ ಏರುತ್ತದೆ, ಎಷ್ಟೋ ಕಡೆ ಫ್ಲೋರೈಡೂ ತಿಳಿಯಾಗುತ್ತದೆ. 2019ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತು ಹಿರೇಹಳ್ಳವನ್ನು ಸುಮಾರು 26 ಕಿ.ಮೀ. ಉದ್ದಕ್ಕೆ ಸ್ವಚ್ಛ ಮಾಡಿಸಿದರು. ಜಾಲಿ ಬೆಳೆದು, ಕಸ ತುಂಬಿ, ಹಳ್ಳ ಅನ್ನೋದೇ ಮರೆತುಹೋಗಿತ್ತು. ಅದು ನಗರಸಭೆಯ ಯೋಜನೆ ಆಗಿರಲಿಲ್ಲ. ಆದರೆ ಊರಿನ ನೀರಿನ ನಕ್ಷೆಯಲ್ಲಿ ಇಂಥ ಹಳ್ಳಕ್ಕೂ ಒಂದು ಗೆರೆ ಇರಬೇಕು.

ಎರೆಮಣ್ಣಿನ ಆಟ

ಈಗ ಮತ್ತೆ ರಸ್ತೆಗೆ ಬರೋಣ. ನಮ್ಮ ಕಡೆ ಮಣ್ಣು ಎರಡು ಜಾತಿ. ಮಸಾರಿ ಅಂದರೆ ಕೆಂಪು, ಎರೆ ಅಂದರೆ ಕಪ್ಪು. ಮಸಾರಿ ಮೇಲೆ ರಸ್ತೆ ಹೇಗೋ ನಿಲ್ಲುತ್ತದೆ. ಎರೆ ಹಾಗಲ್ಲ. ಮಳೆ ಬಂದರೆ ಊದುತ್ತದೆ, ಬೇಸಿಗೆಯಲ್ಲಿ ಕೈ ತೂರಿಸುವಷ್ಟು ಬಿರುಕು ಬಿಡುತ್ತದೆ. ಹೊಲದಲ್ಲಿ ಇದೇ ಗುಣದಿಂದ ಜೋಳ, ಕಡಲೆ ಬೆಳೆಯುತ್ತವೆ. ರಸ್ತೆಯ ಕೆಳಗೆ ಇದೇ ಗುಣ ಶಾಪ. ಉಸಿರಾಡುವ ಹೊಟ್ಟೆ ಮೇಲೆ ತಟ್ಟೆ ಇಟ್ಟ ಹಾಗೆ, ರಸ್ತೆ ಪ್ರತಿ ವರ್ಷ ಏರುತ್ತದೆ, ಇಳಿಯುತ್ತದೆ, ಬಿರುಕು ಬಿಡುತ್ತದೆ.

ಪೈಪಿಗೂ ಅದೇ ಗತಿ. ಹಳೆಯ ಸಿಮೆಂಟ್ ಪೈಪು, ಬೀಡಿನ ಪೈಪು ಬಾಗುವುದಿಲ್ಲ, ಮುರಿಯುತ್ತವೆ. ಮುರಿದಲ್ಲಿ ನೀರು ಸೋರುತ್ತದೆ. ಸೋರಿದ ನೀರು ಎರೆಯನ್ನು ಊದಿಸುತ್ತದೆ. ಎರೆ ಊದಿದರೆ ರಸ್ತೆ ಎದ್ದು ಒಡೆಯುತ್ತದೆ. ಒಡೆದ ರಸ್ತೆಯಲ್ಲಿ ಮಳೆನೀರು ಇಳಿದು ಮತ್ತಷ್ಟು ಊದುತ್ತದೆ, ಇನ್ನೊಂದು ಪೈಪು ಮುರಿಯುತ್ತದೆ. ರಸ್ತೆ ಕೆಟ್ಟಿದ್ದಕ್ಕೆ ಗುತ್ತಿಗೆದಾರನನ್ನು ಬೈಯುತ್ತೇವೆ. ಕೆಲವು ಸಲ ಅವನ ತಪ್ಪೇ ಇರುತ್ತದೆ. ಎಷ್ಟೋ ಸಲ ಕೆಳಗೆ ಒಂದು ಹಳೆಯ ಪೈಪು ವರ್ಷಗಟ್ಟಲೆ ಸದ್ದಿಲ್ಲದೆ ಸೋರುತ್ತಿರುತ್ತದೆ.

ಮದ್ದು ಇದೆ, ಆದರೆ ದುಬಾರಿ. ಮೇಲಿನ ಎರೆ ತೆಗೆದು ಗರಸು ತುಂಬಿ ರೋಲರ್ ಓಡಿಸಬೇಕು, ಇಲ್ಲವೇ ಎರೆಗೆ ಸುಣ್ಣ ಬೆರೆಸಿ ಅದರ ಊದುವ ಗುಣ ಕುಗ್ಗಿಸಬೇಕು. ಪೈಪಿನ ಸುತ್ತ ಮರಳು ಹಾಸಬೇಕು. ಬಾಗುವ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪು ಹಾಕಿದರೆ ಇನ್ನೂ ಒಳ್ಳೆಯದು. ಅಗೆದ ಕಂದಕವನ್ನು ಒಂದೇ ಸಲ ಜೆಸಿಬಿಯಿಂದ ತಳ್ಳಿ ಮುಚ್ಚಬಾರದು. ಒಂದು ಗೇಣು ಮಣ್ಣು, ದಮ್ಮಸು, ಮತ್ತೆ ಒಂದು ಗೇಣು. ನಮ್ಮ ಓಣಿಯಲ್ಲಿ ಒಂದೇ ಸಲ ತಳ್ಳಿದ್ದರು. ಮೊದಲ ಮಳೆಗೆ ಕಂದಕ ಅರ್ಧ ಅಡಿ ಕುಸಿಯಿತು. ಹಾಲು ತರುವ ಹುಡುಗನ ಬೈಕು ಅಲ್ಲೇ ಬಿತ್ತು.

ಭಾರದ ಲೆಕ್ಕವೂ ಗೊತ್ತಿರಲಿ. ಲಾರಿಯ ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಬೀಳುವ ಪೆಟ್ಟು ಎರಡು ಪಟ್ಟಲ್ಲ, ಸುಮಾರು 16 ಪಟ್ಟು. ಸಂಡೂರಿನ ಅದಿರು ಲಾರಿ ಓಡಿದ ರಸ್ತೆಗಳು ಏನಾದವು ಅಂತ ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಗಂಗಾವತಿ, ಸಿಂಧನೂರಿನ ಭತ್ತದ ಲಾರಿಗಳೂ ಅದೇ ಕಥೆ. ಒಂದು ಊರು ಎಲ್ಲ ರಸ್ತೆಯನ್ನೂ ಗಟ್ಟಿ ಮಾಡಲು ಆಗದು. ಭಾರದ ಲಾರಿ ಯಾವ ರಸ್ತೆಯಲ್ಲಿ ಹೋಗಬೇಕು ಅಂತ ಮೊದಲು ಗೊತ್ತುಮಾಡಿ, ಅದನ್ನು ಗಟ್ಟಿ ಮಾಡಿ, ಉಳಿದವಕ್ಕೆ ಲಾರಿ ಬಿಡದಿರುವುದು ಅಗ್ಗ.

ಇನ್ನೊಂದು ತೊಂದರೆ ನಿಧಾನವಾಗಿ ಬರುತ್ತದೆ. ಹಳೆ ರಸ್ತೆ ಕೀಳದೆ ಅದರ ಮೇಲೇ ಹೊಸ ಪದರ ಹಾಕುತ್ತಾ ಹೋದರೆ ಪ್ರತಿ ಸಲ ರಸ್ತೆ ಎರಡು ಮೂರು ಇಂಚು ಏರುತ್ತದೆ. ಒಂದು ದಿನ ನೋಡಿದರೆ ಮನೆಯ ಹೊಸ್ತಿಲು ರಸ್ತೆಗಿಂತ ಕೆಳಗೆ. ಮಳೆನೀರು ಗಟಾರಕ್ಕೆ ಹೋಗುವ ಬದಲು ಪಡಸಾಲೆಗೆ ಬರುತ್ತದೆ. ವಾಲ್ವಿನ ಚೇಂಬರ್‌ಗಳು ಹೂತುಹೋಗುತ್ತವೆ.

ಖಾಲಿ ಪೈಪು ಸುಮ್ಮನಿರುವುದಿಲ್ಲ

ನಮ್ಮ ಊರುಗಳಲ್ಲಿ ನಳ ದಿನಾ ಬರುವುದಿಲ್ಲ. ನಾಲ್ಕು ದಿನಕ್ಕೋ ವಾರಕ್ಕೋ ಒಮ್ಮೆ, ಒಂದೆರಡು ತಾಸು. ನೀರು ನಿಂತ ಮೇಲೆ ಪೈಪಿನೊಳಗೆ ಒತ್ತಡ ಹೋಗುತ್ತದೆ. ಆಗ ಅದು ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ಜೋಡಣೆ ಸಡಿಲವಾಗಿರುವ ಕಡೆ ಗಟಾರದ ನೀರು ಒಳಗೆ. ಮೊದಲ ಐದು ನಿಮಿಷ ಬರುವ ಕೆಂಪು, ನಾರುವ ನೀರನ್ನು ನಾವೆಲ್ಲ ಚೆಲ್ಲುತ್ತೇವಲ್ಲ, ಅದು ಇದೇ. ನಳಕ್ಕೆ ನೇರವಾಗಿ ಮೋಟಾರ್ ಹಚ್ಚುವವರು ಇದನ್ನು ಇನ್ನೂ ಕೆಡಿಸುತ್ತಾರೆ. ಪಕ್ಕದ ಮನೆಯ ಪಾಲನ್ನೂ ಎಳೆಯುತ್ತಾರೆ, ಗಟಾರವನ್ನೂ ಎಳೆಯುತ್ತಾರೆ.

ಕೆಟ್ಟ ನೀರು ಅಂದರೆ ಏನು ಅಂತ 2022ರ ಮೇ, ಜೂನ್ ಹೊತ್ತಿಗೆ ರಾಯಚೂರು ನಗರ ಕಂಡಿತು. ಕಲುಷಿತ ನೀರಿನಿಂದ ಜೀವಗಳೇ ಹೋದವು. ಪೈಪು ಹೊಸದಿದ್ದರೆ ಸಾಲದು. ಶುದ್ಧೀಕರಣ ಘಟಕದ ಮರಳು ಬದಲಾಗಬೇಕು, ಟ್ಯಾಂಕ್ ತೊಳೆಯಬೇಕು, ಕೊನೆಯ ಮನೆಯ ನಳದಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕೊನೆಯ ಮನೆ ಅನ್ನುವುದು ಮುಖ್ಯ. ಟ್ಯಾಂಕಿನ ಬುಡದಲ್ಲಿ ಪರೀಕ್ಷೆ ಮಾಡಿದರೆ ಎಲ್ಲ ಚೆನ್ನಾಗಿಯೇ ಇರುತ್ತದೆ.

24 ತಾಸು ನೀರು ಅನ್ನುವ ಯೋಜನೆಗಳ ಹಿಂದಿನ ದೊಡ್ಡ ಕಾರಣ ಇದೇ. ಪೈಪಿನಲ್ಲಿ ಸದಾ ಒತ್ತಡ ಇದ್ದರೆ ಗಟಾರ ಒಳಗೆ ಬರಲಾರದು. ನಮ್ಮ ರಾಜ್ಯದಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ 2008ರ ಸುಮಾರಿಗೆ ಇದನ್ನು ಮಾಡಿ ತೋರಿಸಿದರು. ಅದಕ್ಕೆ ಮೀಟರ್ ಬೇಕು, ಮೀಟರ್ ಅಂದ ಕೂಡಲೇ ಜಗಳ. ಜನರ ಅನುಮಾನ ಸುಳ್ಳಲ್ಲ. ನೀರು ಬರುವ ಮೊದಲೇ ಬಿಲ್ ಬಂದ ನೆನಪು ಎಲ್ಲರಿಗೂ ಇದೆ.

ಆದರೆ ನೀರನ್ನು ಎತ್ತುವುದಕ್ಕೆ ಏನು ಖರ್ಚು ಅಂತಲೂ ನೋಡಿ. ಅದೇ ಲಕ್ಷ ಜನರ ಊರು, 160 ಲಕ್ಷ ಲೀಟರ್, 100 ಮೀಟರ್ ಎತ್ತರಕ್ಕೆ. ಸಾಧಾರಣ ಪಂಪಿಗೆ ದಿನಕ್ಕೆ ಸುಮಾರು 6,700 ಯುನಿಟ್ ಕರೆಂಟ್ ಬೇಕು. ಅದರಲ್ಲಿ ಶೇ 30 ನೀರು ದಾರಿಯಲ್ಲೇ ಸೋರಿದರೆ ದಿನಕ್ಕೆ 2,000 ಯುನಿಟ್ ಎರೆಮಣ್ಣಿಗೆ ಉಣಿಸಿದ ಹಾಗೆ. ಆ ಬಿಲ್ ಕಟ್ಟುವುದೂ ನಾವೇ.

ವಾಲ್ವ್ ಎಲ್ಲಿದೆ?

ಮುಂದಿನ ಸಲ ನಿಮ್ಮ ವಾರ್ಡಿನಲ್ಲಿ ರಸ್ತೆಗೆ ಭೂಮಿಪೂಜೆ ಆದರೆ ಕಾಯಿ ಒಡೆಯುವ ಮೊದಲೇ ಒಂದು ಪ್ರಶ್ನೆ ಕೇಳಬಹುದು. ಈ ರಸ್ತೆಯ ಕೆಳಗಿನ ಪೈಪು ಯಾವ ವರ್ಷದ್ದು? ಉತ್ತರ ಬರದಿದ್ದರೆ, ಅಥವಾ “ಅದು ನಮಗ ಬರಲ್ಲ” ಅಂದರೆ, ಆ ರಸ್ತೆ ಒಡೆಯುತ್ತದೆ ಅಂತ ತಿಳಿದುಕೊಳ್ಳಿ. ಒಳಚರಂಡಿ, ನೀರು ಮುಗಿದಿದೆಯಾ, ಮನೆಗಳ ಕನೆಕ್ಷನ್ ಎಳೆದಿದ್ದಾರಾ, ಗುತ್ತಿಗೆದಾರನ ದುರಸ್ತಿ ಹೊಣೆ ಎಷ್ಟು ವರ್ಷ ಅಂತಲೂ ಕೇಳಿ. ಕೊನೆಯದು ಟೆಂಡರ್ ಕಾಗದದಲ್ಲಿ ಬರೆದಿರುತ್ತದೆ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿದರೆ ಆ ಕಾಗದ ಸಿಗುತ್ತದೆ. ನಗರಸಭೆ ವರ್ಷದ ಕ್ರಿಯಾಯೋಜನೆ ಮಾಡುವಾಗ ಕೇಳಿದರೆ ಇನ್ನೂ ಉಪಯೋಗ. ಅದು ಮಂಜೂರಾಗಿ ಟೆಂಡರ್ ಆದ ಮೇಲೆ ಬದಲಿಸುವುದು ಕಷ್ಟ.

ನಮ್ಮ ಓಣಿಯ ಕಥೆ ಇನ್ನೂ ಉಳಿದಿದೆ. ಹೊಸ ಪೈಪನ್ನು ಹಳೆಯದಕ್ಕೆ ಜೋಡಿಸಬೇಕಿತ್ತು. ಅದಕ್ಕೆ ಹಳೆಯ ವಾಲ್ವ್ ಬಂದ್ ಮಾಡಬೇಕು. ವಾಲ್ವ್ ಎಲ್ಲಿದೆ? ನಕ್ಷೆಯಲ್ಲಿ ಒಂದು ಕಡೆ ಇತ್ತು. ಅಲ್ಲಿ ಕಾಂಕ್ರೀಟ್ ಒಡೆದರು, ಇಲ್ಲ. ಎರಡು ಮಾರು ಆಚೆ ಒಡೆದರು, ಇಲ್ಲ. ಮೂರನೆಯ ತಗ್ಗು ತೋಡುವಾಗ ಯಾರೋ ಹೋಗಿ ಹಿಂದೆ ವಾಲ್ವ್ ತಿರುಗಿಸಿ ನೀರು ಬಿಡುತ್ತಿದ್ದ, ಈಗ ರಿಟೈರ್ ಆದ ವಾಲ್‌ಮನ್ ಅಜ್ಜನನ್ನು ಗಾಡಿಯಲ್ಲಿ ಕೂರಿಸಿಕೊಂಡು ಬಂದರು. ಅವರು ತಮ್ಮ ಟಿ ಆಕಾರದ ಕಬ್ಬಿಣದ ಚಾವಿ ಊರಿಕೊಂಡು ನಿಂತರು. ಬೇವಿನ ಮರ ನೋಡಿದರು. ನಮ್ಮ ಎದುರು ಮನೆಯ ಕಟ್ಟೆ ನೋಡಿದರು. ಮರದಿಂದ ಕಟ್ಟೆಯ ಕಡೆ ಹೆಜ್ಜೆ ಎಣಿಸುತ್ತಾ ಬಂದು ಒಂದು ಕಡೆ ಚಾವಿಯಿಂದ ನೆಲ ಕುಟ್ಟಿದರು.

“ಇಲ್ಲಿ.”

ಒಡೆದರು. ಒಂದೂವರೆ ಅಡಿ ಕೆಳಗೆ ಸಿಕ್ಕಿತು. ಮೇಲೆ ಎರಡು ಪದರ ಡಾಂಬರು, ಒಂದು ಪದರ ಕಾಂಕ್ರೀಟ್.

ಎಂಜಿನಿಯರ್ ಹುಡುಗಿ ಮೊಬೈಲ್ ತೆಗೆದು ಆ ಜಾಗದ ಲೊಕೇಶನ್ ಗುರುತು ಹಾಕಿಕೊಂಡಳು. “ಅಜ್ಜಾ, ಉಳಿದ ವಾಲ್ವ್ ಎಲ್ಲೆಲ್ಲಿ ಅದಾವ ಅಂತ ನಾಳಿ ನನ್ನ ಕೂಡ ಬಂದು ತೋರಸ್ತೀರೇನ್ರಿ?”

“ಬರ್ತೀನವ್ವಾ. ಬೆಳಗ್ಗೆ ಜಲ್ದಿ ಬಾ, ಬಿಸಲಾಗ ನನಗ ಅಡ್ಡಾಡಾಕ ಆಗಲ್ಲ.”

ಮರುದಿನ ಇಬ್ಬರೂ ಓಣಿ ಓಣಿ ಸುತ್ತಿದರು. ಈಗ ನಮ್ಮ ವಾರ್ಡಿನ ಗೋಡೆಗಳ ಮೇಲೆ ಅಲ್ಲಲ್ಲಿ ಹಳದಿ ಬಣ್ಣದ ಬಾಣ ಇದೆ, ಪಕ್ಕದಲ್ಲಿ ಎಷ್ಟು ಅಡಿ ಅಂತ ಬರೆದಿದೆ. ಎದುರು ಮನೆಯ ಅಜ್ಜಿ ತಮ್ಮ ಕಟ್ಟೆಯ ಮೇಲಿನ ಬಾಣಕ್ಕೆ ಯಾರೂ ಸುಣ್ಣ ಬಳಿಯದ ಹಾಗೆ ನೋಡಿಕೊಳ್ಳುತ್ತಾರೆ.